ಮೂರನೆಯ ಮಡಕೆ

"ಬುದ್ಧಿ, ತಾನು ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಚುನಾವಣೆಗೆ ನಿಲ್ಲುವುದು ತಪ್ಪಲ್ಲವೇ?"

ಹೀಗೆ ಕೇಳಿದವನು ಚನ್ನವೀರ. ಮಠದಲ್ಲೇ ಓದಿ ದೊಡ್ಡವನಾದವನು. ಈಗ ಮಠದ ಶಾಲೆಯಲ್ಲೇ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದ. ಗುರುಗಳು ದಾಸೋಹದ ಕಟ್ಟೆಯ ಮೇಲೆ ಕುಳಿತು ಅಡುಗೆಮನೆಗೆ ಅವರೆಕಾಯಿ ಸುಲಿದುಕೊಡುತ್ತಿದ್ದರು. ಒಂದಷ್ಟು ಕಾಯಿಯನ್ನು ಅವನ ಮುಂದಕ್ಕೂ ಸರಿಸಿ, ಯಾರ ವಿಷಯ ಎಂದು ಕೇಳಿದರು.

ಅಮೆರಿಕದ ವಿಷಯ ಎಂದ ಚನ್ನವೀರ. ಅಲ್ಲಿ ಅಧ್ಯಕ್ಷರನ್ನು ಆರಿಸುವಾಗ ಲೆಕ್ಕಕ್ಕೆ ಬರುವ ಪಕ್ಷಗಳು ಎರಡೇ. ಗೆಲ್ಲುವುದು ಆ ಎರಡರಲ್ಲಿ ಒಂದು. ಇದು ಗೊತ್ತಿದ್ದೂ ನಡುವೆ ಮೂರನೆಯವರೊಬ್ಬರು ಬಂದು ನಿಲ್ಲುತ್ತಾರೆ. ಅವರಿಗೆ ಬೀಳುವುದು ಚೂರುಪಾರು ಮತ. ಆದರೆ ಆ ಚೂರು ಒಂದೇ ಕಡೆಯಿಂದ ಒಡೆದು ಬಂದರೆ, ಅವರ ಮಾತಿಗೆ ಅಷ್ಟಿಷ್ಟು ಹತ್ತಿರವಿದ್ದವರೇ ಸೋತು, ಅವರಿಗೆ ಸ್ವಲ್ಪವೂ ಆಗದವರು ಗೆದ್ದುಬಿಡುತ್ತಾರೆ. ಆಮೇಲೆ ನಾಲ್ಕು ವರ್ಷ ಎಲ್ಲರೂ ಅನುಭವಿಸಬೇಕು. ಆಟ ಕೆಡಿಸುವವರು ಎಂದು ಅಲ್ಲಿಯ ಜನ ಅವರನ್ನು ಬಯ್ಯುತ್ತಾರಂತೆ. ಬಯ್ಯುವುದರಲ್ಲಿ ನ್ಯಾಯವಿದೆ ಎಂದು ತನಗೂ ಅನ್ನಿಸುತ್ತದೆ ಎಂದ.

ಗುರುಗಳು ನಕ್ಕರು. ಅಮೆರಿಕದವರು ಯಾರನ್ನು ಆರಿಸಿದರೂ ನಮ್ಮ ಅವರೆಕಾಯಿಯ ಹುಳ ಸಾಯುವುದಿಲ್ಲ, ಶಾಲೆಯ ಗಂಟೆ ಹೊಡೆದ ಕೂಡಲೇ ಉಸಿರು ಬಿಡದೆ ಓಡಿ ಬಂದದ್ದು ಅಷ್ಟು ದೂರದ ಚಿಂತೆಗಲ್ಲ, ಹೊಟ್ಟೆಯಲ್ಲಿರುವುದನ್ನು ಹೇಳು ಎಂದರು.

ಚನ್ನವೀರ ತಲೆ ತಗ್ಗಿಸಿದ. ಹೊಟ್ಟೆಯಲ್ಲಿದ್ದದ್ದು ಅವನ ಅಕ್ಕ ಸರ್ವಮಂಗಳೆಯ ವಿಷಯ. ಅವಳು ಊರಿನ ಪುರಸಭೆಗೆ ನಾಮಪತ್ರ ಹಾಕಿದ್ದಳು. ಅವಳ ವಾರ್ಡಿನಲ್ಲಿ ನಿಜವಾದ ಪೈಪೋಟಿ ಇದ್ದದ್ದು ಹಳೆಯ ಮೆಂಬರ್ ಪಂಚಾಕ್ಷರಪ್ಪನವರಿಗೂ ಒಬ್ಬ ಕಂಟ್ರಾಕ್ಟರಿಗೂ. ಕಂಟ್ರಾಕ್ಟರ್ ಗೆದ್ದರೆ ಊರನ್ನು ಮಾರಿಯೇ ಬಿಡುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಪಂಚಾಕ್ಷರಪ್ಪನವರು ದೊಡ್ಡ ಕೆಲಸ ಮಾಡಿದವರಲ್ಲ, ದೊಡ್ಡ ಕೇಡು ಮಾಡಿದವರೂ ಅಲ್ಲ. ಅಕ್ಕ ನಿಂತದ್ದು ಒಂದು ಚರಂಡಿಗಾಗಿ. ಅವಳಿದ್ದ ಹಿಂದಿನ ಬೀದಿಯಲ್ಲಿ ಕೊಳಚೆ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ಅವಳಿಗೆ ಬೀಳುವ ಮತವೆಲ್ಲ ಪಂಚಾಕ್ಷರಪ್ಪನವರಿಗೆ ಬೀಳಬೇಕಾದದ್ದು. ನಾಮಪತ್ರ ವಾಪಸ್ಸು ತೆಗೆದುಕೊಳ್ಳಲು ನಾಳೆಯೇ ಕೊನೆಯ ದಿನ. ಚನ್ನವೀರ ಹೋಗಿ ಹೋಗಿ ಬೇಡಿಕೊಂಡಿದ್ದ. ಅವಳು ಜಗ್ಗಿರಲಿಲ್ಲ. ನಿನ್ನೆ ಅಕ್ಕ ತಮ್ಮ ಇಬ್ಬರೂ ಆಡಬಾರದ ಮಾತು ಆಡಿಕೊಂಡು, ಅವಳು ಇಟ್ಟ ಕಾಫಿಯನ್ನು ಕುಡಿಯದೆ ಇವನು ಎದ್ದು ಬಂದಿದ್ದ. ಗುರುಗಳ ಒಂದು ಮಾತನ್ನು ಮಾತ್ರ ಅವಳು ಮೀರಲಾರಳು. ಆ ಒಂದು ಮಾತನ್ನು ಕೇಳಿ ತೆಗೆದುಕೊಂಡು ಹೋಗಲು ಅವನು ಬಂದಿದ್ದ.

ಗುರುಗಳು ಕೂಡಲೇ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾಯಿ ಸುಲಿಯುತ್ತಾ ಕೇಳು ಎಂದು ಒಂದು ಕತೆ ಹೇಳಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ಕೆರೆಯ ಕೆಳಗೆ ಊರಿನವರ ಗದ್ದೆಗಳು. ತೂಬಿನ ಹತ್ತಿರ ಇದ್ದದ್ದು ಮೇಲಿನ ಗದ್ದೆ, ಆಮೇಲೆ ನಡುವಿನ ಗದ್ದೆ, ಕಾಲುವೆ ಮುಗಿಯುವ ಕಡೆ ಇದ್ದದ್ದು ಕೊನೆಗದ್ದೆ. ತೂಬನ್ನು ಯಾವಾಗ ಎತ್ತಬೇಕು, ಯಾರಿಗೆ ಎಷ್ಟು ನೀರು ಬಿಡಬೇಕು ಎಂದು ಹೇಳುವವನು ಕೆರೆಯ ಯಜಮಾನ. ಯಜಮಾನಿಕೆ ಅಪ್ಪನಿಂದ ಮಗನಿಗೆ ಬರುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ, ಕೆರೆ ಕೋಡಿ ಬಿದ್ದ ದಿನ, ಊರೇ ಸೇರಿ ಆರಿಸುತ್ತಿತ್ತು.

ಆರಿಸುವುದಕ್ಕೆ ಒಂದು ಪದ್ಧತಿ ಇತ್ತು. ಯಜಮಾನನಾಗಬೇಕು ಎನ್ನುವವರು ಏರಿಯ ಮೇಲೆ ಗಂಗಮ್ಮನ ಕಲ್ಲಿನ ಮುಂದೆ ಒಂದೊಂದು ಹೊಸ ಮಡಕೆ ಇಡಬೇಕು. ಮನೆಗೊಬ್ಬರಂತೆ ಬಂದು ಕೆರೆಯಿಂದ ಒಂದು ಬೊಗಸೆ ನೀರು ತುಂಬಿಕೊಂಡು ಯಾರು ಬೇಕೋ ಅವರ ಮಡಕೆಗೆ ಸುರಿಯಬೇಕು. ಎಲ್ಲರೂ ಸುರಿದ ಮೇಲೆ ಊರ ಹಿರಿಯ ಒಂದು ಜೋಳದ ದಂಟನ್ನು ಒಂದೊಂದು ಮಡಕೆಯಲ್ಲೂ ಅದ್ದಿ, ನೆನೆದಲ್ಲಿಗೆ ಉಗುರಿನಿಂದ ಗುರುತು ಹಾಕಿ ನೋಡುತ್ತಾನೆ. ಯಾವ ಮಡಕೆಯಲ್ಲಿ ದಂಟು ಹೆಚ್ಚು ನೆನೆಯಿತೋ ಅವನೇ ಯಜಮಾನ. ಗೆದ್ದವನ ಮಡಕೆಯ ನೀರನ್ನು ಕಾಲುವೆಯ ಬಾಯಿಗೆ ಬಿಡುತ್ತಾರೆ. ಸೋತವನು ತನ್ನ ಮಡಕೆಯ ನೀರನ್ನು ಏರಿಯ ಮಣ್ಣಿಗೆ ಚೆಲ್ಲಿ, ಮಡಕೆಯನ್ನು ತಾನೇ ಒಡೆದು ಮನೆಗೆ ಹೋಗಬೇಕು. ಒಮ್ಮೆ ಸುರಿದ ನೀರನ್ನು ಮತ್ತೆ ಕೈಯಿಂದ ಮುಟ್ಟಬಾರದು. ಯಾಕೆ ಮುಟ್ಟಬಾರದು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಗಂಗಮ್ಮ ಮುನಿಯುತ್ತಾಳೆ ಎಂದು ಹೇಳುತ್ತಿದ್ದರು.

ಬಹಳ ಕಾಲದಿಂದ ಆ ಊರಿನಲ್ಲಿ ಮಡಕೆ ಇಡುತ್ತಿದ್ದವರು ಇಬ್ಬರೇ. ಒಬ್ಬ ಸಾಹುಕಾರ, ಒಬ್ಬ ಗೌಡ. ಸಾಹುಕಾರ ಯಜಮಾನನಾದ ವರ್ಷಗಳಲ್ಲಿ ಅವನ ಕಬ್ಬಿಗೆ ನೀರು ಹರಿದು, ಅವನ ಮನೆಗೆ ಕೈಯಲ್ಲಿ ಏನಾದರೂ ಹಿಡಿದು ಬಂದವರ ಗದ್ದೆಗೆ ಹರಿದು, ತೂಬು ಮುಚ್ಚಿಬಿಡುತ್ತಿತ್ತು. ಗೌಡ ಯಜಮಾನನಾದ ವರ್ಷಗಳಲ್ಲಿ ಮೇಲಿನ ಗದ್ದೆಗೂ ನಡುವಿನ ಗದ್ದೆಗೂ ನೀರು ಸಾಕಷ್ಟು ಸಿಗುತ್ತಿತ್ತು. ಕೊನೆಗದ್ದೆಗೆ ಮಿಕ್ಕಿದ್ದು. ಮಿಕ್ಕಿದ್ದು ಎಂದರೆ ಪೈರು ಸಾಯುವುದಿಲ್ಲ, ತೆನೆ ಕಟ್ಟುವುದೂ ಇಲ್ಲ. ಕೊನೆಗದ್ದೆಯವರು ಪ್ರತಿ ಸಲವೂ ಗೌಡನ ಮಡಕೆಗೇ ಸುರಿಯುತ್ತಿದ್ದರು. ಸುರಿಯದೆ ಏನು ಮಾಡುತ್ತಾರೆ? ಗೌಡ ಅವರಿಗೆ ಏನನ್ನೂ ಕೊಡಬೇಕಾಗಿರಲಿಲ್ಲ. ಸಾಹುಕಾರನ ಮನೆಯ ಕಡೆ ಬೆರಳು ತೋರಿಸಿದರೆ ಸಾಕಾಗಿತ್ತು.

ಕೊನೆಗದ್ದೆಯಲ್ಲಿ ಒಬ್ಬ ರೈತ ಹೆಂಗಸು ಇದ್ದಳು. ಅವಳ ಮನಸ್ಸಿನಲ್ಲಿ ಒಂದು ಮಾತು ಇತ್ತು. ಒಂದು ಬೆಳೆಗೆ ನೀರಿನ ಸರದಿ ಮೇಲಿನಿಂದ ಶುರುವಾಗಲಿ, ಮುಂದಿನ ಬೆಳೆಗೆ ಕೊನೆಯಿಂದ ಶುರುವಾಗಲಿ. ಇಷ್ಟೇ. ಅವಳು ಈ ಮಾತನ್ನು ಸಾಹುಕಾರನಿಗೆ ಹೇಳಲು ಹೋದಳು. ಅವನು ಅವಳನ್ನು ಜಗುಲಿ ಹತ್ತಗೊಡಲಿಲ್ಲ. ಗೌಡನಿಗೆ ಹೇಳಲು ಹೋದಳು. ಗೌಡ ಕೂರಿಸಿ, ಮಜ್ಜಿಗೆ ಕೊಡಿಸಿ, ಪೂರ್ತಿ ಕೇಳಿ, ಮುಂದಿನ ಸಲ ನೋಡೋಣ ಎಂದ. ಮುಂದಿನ ಸಲವೂ ಮಜ್ಜಿಗೆ ಕೊಡಿಸಿದ. ಅವಳು ಕುಂಬಾರನ ಮನೆಗೆ ಹೋಗಿ ಒಂದು ಮಡಕೆ ತಂದಳು.

ಊರಿನಲ್ಲಿ ಗುಲ್ಲೆದ್ದಿತು. ಕೊನೆಗದ್ದೆಯವರೇ ಗುಂಪು ಕಟ್ಟಿಕೊಂಡು ಅವಳ ಮನೆಗೆ ಬಂದರು. ನೀನು ಮಡಕೆ ಇಟ್ಟರೆ ಗೌಡನ ನೀರು ಒಡೆಯುತ್ತದೆ, ಸಾಹುಕಾರ ಬಂದು ಕೂರುತ್ತಾನೆ, ನಮ್ಮ ಬಾಯಿಗೆ ಮಣ್ಣು ಬೀಳುತ್ತದೆ, ಬೇಡ ತಾಯಿ ಎಂದು ಕೈಮುಗಿದರು. ಗೌಡ ಒಂದು ಸಲ ಏರಿ ಇಳಿದು ಬಂದು ನಮ್ಮ ಗದ್ದೆ ನೋಡಲಿ, ನಾನು ಮಡಕೆ ಇಡುವುದಿಲ್ಲ, ಹೋಗಿ ಹೇಳಿ ಎಂದಳು ಅವಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದೊಡ್ಡ ಮನುಷ್ಯನಿಗೆ ಹಾಗೆಲ್ಲ ಹೇಳಲಾಗುತ್ತದೆಯೇ ಎಂದು ಗೊಣಗಿದರು. ಅವಳ ಮನೆಗೆ ಬರಲು ಯಾರಿಗೂ ಕಾಲು ನೋಯಲಿಲ್ಲ. ಗೌಡನ ಮನೆಗೆ ಹೋಗಲು ಒಬ್ಬರಿಗೂ ಕಾಲು ಏಳಲಿಲ್ಲ.

ಕೋಡಿ ಬಿದ್ದ ದಿನ ಅವಳು ಮಡಕೆ ಇಟ್ಟಳು. ಕೊನೆಗದ್ದೆಯವರಲ್ಲಿ ಕೆಲವರು, ಅಕ್ಕಪಕ್ಕ ನೋಡಿಕೊಂಡು, ಅವಳ ಮಡಕೆಗೆ ಸುರಿದರು. ಹಿರಿಯ ದಂಟು ಅದ್ದಿದ. ಅವಳ ಮಡಕೆಯಲ್ಲಿ ದಂಟು ಎರಡು ಬೆರಳಷ್ಟೇ ಒದ್ದೆಯಾಯಿತು. ಸಾಹುಕಾರನ ಗುರುತಿಗಿಂತ ಗೌಡನ ಗುರುತು ಒಂದು ಬೆರಳು ಕೆಳಗಿತ್ತು.

ಗೌಡ ಎಲ್ಲರಿಗೂ ಕೇಳುವ ಹಾಗೆ, ಅವಳ ಮಡಕೆಯಲ್ಲಿರುವುದು ನನ್ನ ನೀರು ಎಂದ. ಊರೂ ಹೌದು ಎಂದಿತು. ಅವಳ ಗದ್ದೆಯ ಬದುವಿಗೇ ಒಬ್ಬ ಮುದುಕಿಯ ಗದ್ದೆ ಇತ್ತು. ಆ ಮುದುಕಿ ಗೌಡನ ಮಡಕೆಗೆ ಸುರಿದವಳು. ಅವಳು ಸಿಟ್ಟಿನಿಂದ ನಡುಗುತ್ತಾ ಬಂದು ತನ್ನ ಊರುಗೋಲಿನಿಂದ ಆ ಹೆಂಗಸಿನ ಮಡಕೆಯನ್ನು ಒಡೆದಳು. ಸೋತವರು ತಮ್ಮ ಮಡಕೆಯನ್ನು ತಾವೇ ಒಡೆಯಬೇಕು ಎನ್ನುವ ಪದ್ಧತಿಯನ್ನು ಆಗ ಯಾರೂ ನೆನಪಿಸಲಿಲ್ಲ.

ಊರಿನವರು ಹೆದರಿದ್ದು ಸುಳ್ಳಾಗಲಿಲ್ಲ. ಸಾಹುಕಾರ ತೂಬಿನ ಮೇಲೆ ತನ್ನ ಆಳು ಕೂರಿಸಿದ. ಕೊನೆಗದ್ದೆಗೆ ಮಿಕ್ಕಿದ್ದೂ ಬರಲಿಲ್ಲ. ನಾಟಿ ಮಾಡಿದ ಪೈರು ನಿಂತಲ್ಲೇ ಹಳದಿಯಾಗಿ ಒಣಗಿತು. ಮುದುಕಿ ಎತ್ತುಗಳನ್ನು ಸಾಕಲಾಗದೆ ಹಗ್ಗ ಬಿಚ್ಚಿ ಬೇರೆಯವರ ಕೈಗೆ ಕೊಟ್ಟಳು. ಗೌಡನ ಗದ್ದೆ ಮೇಲಿತ್ತು. ಸೋತರೂ ಅವನ ಪೈರಿಗೆ ಏನೂ ಆಗಲಿಲ್ಲ.

ಇಲ್ಲಿ ಚನ್ನವೀರ ಸುಮ್ಮನಿರಲಾಗದೆ, ತಾನು ಹೇಳಿದ್ದೂ ಇದನ್ನೇ ಅಲ್ಲವೇ ಎಂದ. ಆ ಒಣಗಿದ ಪೈರಿಗೆ ಯಾರು ಹೊಣೆ ಎಂದು ಕೇಳಿದ. ಅವಳೂ ಹೊಣೆ ಎಂದರು ಗುರುಗಳು. ಅವಳು ಅದನ್ನು ಒಂದು ದಿನವೂ ಅಲ್ಲ ಎನ್ನಲಿಲ್ಲ, ನೀನು ಕಾಯಿ ಸುಲಿ ಎಂದು ಮುಂದುವರಿಸಿದರು.

ಅವಳ ಗದ್ದೆಯೂ ಒಣಗಿತ್ತು. ಅವಳು ದಿನವೂ ಬದುವಿನ ಮೇಲೆ ನಿಂತು ಎರಡೂ ಗದ್ದೆ ನೋಡುತ್ತಿದ್ದಳು. ತನ್ನದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಮುದುಕಿಯದನ್ನು ನೋಡಿದರೆ ದುಃಖ ಬರುತ್ತಿತ್ತು. ಇದರಲ್ಲಿ ನನ್ನ ಕೈಯೂ ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆಂದು ಸುಮ್ಮನಿದ್ದುಬಿಡೋಣ ಎಂದು ಅವಳಿಗೆ ಅನ್ನಿಸಲಿಲ್ಲ. ಸುಮ್ಮನಿದ್ದ ಕಾಲದಲ್ಲೂ ತೆನೆ ಕಟ್ಟಿರಲಿಲ್ಲ. ಎಲ್ಲಿ ತಪ್ಪಿತು ಎಂದು ಮಾತ್ರ ಯೋಚಿಸುತ್ತಿದ್ದಳು. ಮುದುಕಿಯ ಹಸುವಿಗೆ ದಿನವೂ ಒಂದು ಹೊರೆ ಹುಲ್ಲು ತಂದು ಹಾಕುತ್ತಿದ್ದಳು. ಮುದುಕಿ ಹುಲ್ಲನ್ನು ತೆಗೆದುಕೊಳ್ಳುತ್ತಿದ್ದಳು, ಮಾತು ಆಡುತ್ತಿರಲಿಲ್ಲ. ಗೌಡ ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ಇದನ್ನು ಮುದುಕಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಇಬ್ಬರೂ ಸೇದುವ ಬಾವಿಯ ಹತ್ತಿರ ಇದ್ದರು. ಮುದುಕಿಯ ಬಿಂದಿಗೆಯ ತಳದಲ್ಲಿ ನೀರು ಜಿನುಗುತ್ತಿತ್ತು. ಮುದುಕಿ ಅದನ್ನು ನೋಡಿ, ಯೋಚನೆಯನ್ನೂ ಮಾಡದೆ, ಆ ನೀರನ್ನು ಪಕ್ಕದಲ್ಲಿದ್ದ ತನ್ನ ಇನ್ನೊಂದು ಕೊಡಕ್ಕೆ ಬಗ್ಗಿಸಿ ಅದನ್ನು ಹೊತ್ತು, ತೂತಾದ ಬಿಂದಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಎಲ್ಲ ಹೆಂಗಸರೂ ದಿನವೂ ಮಾಡುವ ಕೆಲಸ. ಕೊನೆಗದ್ದೆಯ ಹೆಂಗಸು ಹಗ್ಗ ಹಿಡಿದು ನಿಂತುಬಿಟ್ಟಳು. ಮನೆಯಲ್ಲಿ ಮಡಕೆ ಸೋರಿದರೆ ಯಾರೂ ಅದರ ನೀರನ್ನು ಮಣ್ಣಿಗೆ ಚೆಲ್ಲುವುದಿಲ್ಲ. ಏರಿಯ ಮೇಲೆ ಮಾತ್ರ ಯಾಕೆ ಚೆಲ್ಲುತ್ತೇವೆ?

ಹೀಗೆ ಮೂರು ವರ್ಷ ಕಳೆದು, ಮತ್ತೆ ಯಜಮಾನನನ್ನು ಆರಿಸುವ ಮಳೆಗಾಲ ಬಂತು. ಕೆರೆ ತುಂಬುತ್ತಾ ಬಂತು. ಅವಳು ಯಾರನ್ನೂ ಕಾಯದೆ ತಾನೇ ಗೌಡನ ಮನೆಗೆ ಹೋದಳು. ತಾನು ಈ ಸಲವೂ ಮಡಕೆ ಇಡುತ್ತೇನೆ ಎಂದಳು. ಎಲ್ಲಕ್ಕಿಂತ ಕಡಿಮೆ ನೀರು ಬಿದ್ದ ಮಡಕೆ ತನ್ನದೇ ಆದರೆ, ಅದಕ್ಕೆ ಸುರಿದವರು ತಮ್ಮ ತಮ್ಮ ಬೊಗಸೆ ನೀರನ್ನು ವಾಪಸ್ಸು ತೆಗೆದು, ಉಳಿದ ಎರಡು ಮಡಕೆಗಳಲ್ಲಿ ಬೇಕಾದದ್ದಕ್ಕೆ ಹಾಕಲಿ. ಆಮೇಲೆ ದಂಟು ಅದ್ದಲಿ. ಆಗ ಯಾರ ನೀರೂ ಯಾರಿಂದಲೂ ಒಡೆಯುವುದಿಲ್ಲ. ಇದಕ್ಕೆ ನೀವು ಒಪ್ಪಿ, ಊರ ಮುಂದೆ ಒಂದು ಮಾತು ಹೇಳಿ ಎಂದಳು.

ಗೌಡ ದಡ್ಡನಲ್ಲ. ಕೂತಲ್ಲೇ ಎಲ್ಲವನ್ನೂ ಅಳೆದು ನೋಡಿದ. ಹೀಗೆ ಮಾಡಿದರೆ ಈ ಸಲ ತಾನೇ ಗೆಲ್ಲುತ್ತೇನೆ ಎಂದು ಅವನಿಗೆ ಕಂಡಿತು. ಜನಕ್ಕೆ ಸಾಹುಕಾರನ ಹೆದರಿಕೆ ಹೋಗುತ್ತದೆ ಎಂದೂ ಕಂಡಿತು. ಹೆದರಿಕೆ ಹೋದರೆ ಮೊದಲ ಬೊಗಸೆ ಯಾರ ಮಡಕೆಗೆ ಬೀಳುತ್ತದೋ ಹೇಳಲಾಗದು. ಅವನಿಗೆ ಬೆರಳು ತೋರಿಸಿ ಗೆಲ್ಲುವುದು ಅಭ್ಯಾಸವಾಗಿತ್ತು. ಪದ್ಧತಿ ಮುರಿದರೆ ಗಂಗಮ್ಮ ಮುನಿಯುತ್ತಾಳೆ, ಇದೊಂದು ಸಲ ನೀನು ಮಡಕೆ ಇಡಬೇಡ, ಮೂರು ವರ್ಷ ಅನುಭವಿಸಿದ್ದು ಸಾಲದೇ ಎಂದ.

"ನಂಗೆ ಬಿಟ್ಕೊಡು ಅಂತೀರಲ್ಲ ಗೌಡ್ರೆ," ಎಂದಳು ಅವಳು, "ನೀವೇನು ಬಿಡ್ತೀರಿ ಅದನ್ನ ಹೇಳಿ."

ಗೌಡ ಒಳಗೆ ತಿರುಗಿ, ಇವಳಿಗೆ ಮಜ್ಜಿಗೆ ಕೊಡಿ ಎಂದ. ಅವಳು ಮಜ್ಜಿಗೆ ಕುಡಿಯದೆ ಎದ್ದು ಬಂದಳು.

ದಾರಿಯಲ್ಲಿ ಅವಳಿಗೆ ಅಳು ಬಂತು. ಮತ್ತೆ ಸಾಹುಕಾರ ಗೆದ್ದರೆ ಮುದುಕಿಯ ಹಸುವೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಡಕೆ ಇಡದೆ ಹೋದರೆ ತನ್ನ ಮೊಮ್ಮಕ್ಕಳೂ ಮಿಕ್ಕಿದ್ದಕ್ಕೆ ಕಾಯುತ್ತಾರೆ ಎಂದೂ ಗೊತ್ತಿತ್ತು. ಅವಳು ಕಣ್ಣೊರೆಸಿಕೊಂಡು ಕುಂಬಾರನ ಮನೆಯ ದಾರಿ ಹಿಡಿದಳು. ಅಲ್ಲಿಂದ ಬರುವಾಗ ಕೊನೆಗದ್ದೆಯ ಒಂದೊಂದು ಮನೆಯ ಮುಂದೆಯೂ ನಿಂತು, ನನ್ನ ಮಡಕೆಗೆ ಸುರಿಯುವವರು ಸುರಿದ ಮೇಲೆ ಮನೆಗೆ ಓಡಿಹೋಗಬೇಡಿ, ನನ್ನ ಜೊತೆ ನಿಂತಿರಿ ಎಂದು ಹೇಳಿದಳು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಕೇಳಿಸಿಕೊಂಡರು.

ಕೋಡಿ ಬಿದ್ದ ದಿನ ಮೂರು ಮಡಕೆ ಇಟ್ಟರು. ಜನ ಸಾಲಾಗಿ ಬಂದು ಸುರಿದರು. ಮುದುಕಿಯ ಸರದಿ ಬಂತು. ಅವಳು ಬೊಗಸೆ ತುಂಬಿಕೊಂಡು ಮೊದಲು ಗೌಡನ ಮಡಕೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಿಂತಳು. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ನನ್ನ ಮನೆ ಹಾಳು ಮಾಡಿದ್ದು ಸಾಲದು ಅಂತ ಮತ್ತೆ ಬಂದಿದ್ದಾಳೆ ಎಂದು ಬಯ್ಯುತ್ತಾ, ತಿರುಗಿ ಬಂದು, ಕೊನೆಗದ್ದೆಯ ಹೆಂಗಸಿನ ಮಡಕೆಗೇ ಸುರಿದಳು. ಆಗಲೂ ಬಯ್ಯುವುದನ್ನು ನಿಲ್ಲಿಸಲಿಲ್ಲ.

ಹಿರಿಯ ದಂಟು ಅದ್ದಿದ. ಈ ಸಲ ಅವಳ ಮಡಕೆಯಲ್ಲಿ ದಂಟು ಗೇಣುದ್ದ ನೆನೆಯಿತು. ಆದರೂ ಅದೇ ಎಲ್ಲಕ್ಕಿಂತ ಕಡಿಮೆ. ಸಾಹುಕಾರನದು ಎಲ್ಲಕ್ಕಿಂತ ಮೇಲೆ. ಸಾಹುಕಾರನ ಕಡೆಯವರು ಆಗಲೇ ಅವನನ್ನು ಎತ್ತಿಕೊಂಡಿದ್ದರು. ನೀರು ಚೆಲ್ಲಿ ಮಡಕೆ ಒಡೆ ಎಂದು ಹಿರಿಯ ಅವಳಿಗೆ ಹೇಳಿದ. ಗೌಡನ ಕಡೆಯವರು ಅವಳನ್ನು ಸುಟ್ಟುಬಿಡುವಂತೆ ನೋಡುತ್ತಿದ್ದರು.

ಅವಳು ಮಡಕೆ ಒಡೆಯಲಿಲ್ಲ. ಅದನ್ನು ಎತ್ತಿ ತಂದು ಎಲ್ಲರ ನಡುವೆ ಇಟ್ಟಳು. ಯಾರು ಇದಕ್ಕೆ ಸುರಿದಿರೋ ಅವರೆಲ್ಲ ಇಲ್ಲೇ ಇದ್ದೀರಿ, ನಿಮ್ಮ ನೀರು ನಿಮ್ಮದು, ನನ್ನದೂ ಅಲ್ಲ, ಗೌಡರದೂ ಅಲ್ಲ, ಒಂದೊಂದು ಬೊಗಸೆ ತೆಗೆದುಕೊಂಡು ಬೇಕಾದ ಮಡಕೆಗೆ ಹಾಕಿ ಎಂದಳು.

ಆಗಬಾರದು ಎಂದು ಕೂಗಿದ ಸಾಹುಕಾರ. ಆಗಬಾರದು ಎಂದ ಗೌಡ. ಅಷ್ಟು ವರ್ಷ ಒಬ್ಬರ ನೆರಳು ಕಂಡರೆ ಇನ್ನೊಬ್ಬರಿಗೆ ಆಗದವರು ಅಂದು ಅಕ್ಕಪಕ್ಕ ನಿಂತು ಒಂದೇ ಮಾತು ಆಡಿದರು. ಗೌಡನಿಗೆ ಬರಲಿದ್ದ ನೀರನ್ನು ಗೌಡನೇ ಬೇಡ ಎನ್ನುವುದನ್ನು ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಅವಳ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದ ಗೌಡನ ಕಡೆಯವರೂ ಒಮ್ಮೆ ಮಡಕೆಯನ್ನು, ಒಮ್ಮೆ ತಮ್ಮ ಗೌಡನನ್ನು ನೋಡಿದರು. ಅವರಿಗೆ ಏನೋ ಅರ್ಥವಾಗತೊಡಗಿತು.

ಆದರೂ ಯಾರೂ ಕೈ ಮುಂದೆ ಮಾಡಲಿಲ್ಲ. ಗಂಗಮ್ಮನ ಹೆದರಿಕೆ ಎಲ್ಲರಿಗೂ ಇತ್ತು. ಈ ಗಳಿಗೆ ಹೋದರೆ ಇನ್ನು ಮೂರು ವರ್ಷ ಸಾಹುಕಾರ, ಆಮೇಲೆ ಯಾವತ್ತೂ ಯಾರೂ ಮೂರನೆಯ ಮಡಕೆ ಇಡುವುದಿಲ್ಲ. ಕೊನೆಗದ್ದೆಯ ಹೆಂಗಸು ಅಲ್ಲಾಡದೆ ನಿಂತಳು.

ಮುದುಕಿ ಊರುಗೋಲನ್ನು ನೆಲಕ್ಕೆ ಹಾಕಿದಳು. ಬಗ್ಗಿ ಮಡಕೆಗೆ ಎರಡೂ ಕೈ ಇಳಿಸಿ ಒಂದು ಬೊಗಸೆ ನೀರು ಎತ್ತಿದಳು. ನಿಧಾನವಾಗಿ ನಡೆದು ಹೋಗಿ ಗೌಡನ ಮಡಕೆಗೆ ಹಾಕಿದಳು.

"ನಿನ್ನ ಮ್ಯಾಲಿನ ಪ್ರೀತಿಗೆ ಅಂತ ತಿಳ್ಕೋಬ್ಯಾಡ," ಎಂದಳು ಗೌಡನಿಗೆ. "ನನ್ನ ಹಸ ಉಳೀಲಿ ಅಂತ."

ಗಂಗಮ್ಮನ ಕಲ್ಲು ಇದ್ದ ಹಾಗೇ ಇತ್ತು. ಏರಿ ಬಿರಿಯಲಿಲ್ಲ. ಕೋಡಿಯಲ್ಲಿ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಮುದುಕಿಯ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಹೆಚ್ಚಿನವರು ಗೌಡನ ಮಡಕೆಗೆ ಹಾಕಿದರು. ಒಬ್ಬಿಬ್ಬರು ಸಾಹುಕಾರನ ಮಡಕೆಗೂ ಹಾಕಿದರು. ಒಬ್ಬ, ಇಬ್ಬರೂ ಬೇಡ ಎಂದು ತನ್ನ ಬೊಗಸೆಯನ್ನು ಏರಿಯ ಮೇಲೆ ಚೆಲ್ಲಿ ಪಂಚೆಗೆ ಕೈ ಒರೆಸಿಕೊಂಡ. ಅದು ಗೌಡನ ನೀರಲ್ಲ ಎಂದು ಆಗ ಗೌಡನಿಗೂ ಗೊತ್ತಾಯಿತು.

ಹಿರಿಯನಿಗೆ ಏನು ಮಾಡಬೇಕೋ ತೋಚಲಿಲ್ಲ. ಊರೇ ಕೈ ಅದ್ದಿದ ಮೇಲೆ ಯಾರನ್ನು ತಡೆಯುವುದು? ಅವನು ಅದೇ ದಂಟನ್ನು ಮತ್ತೆ ಅದ್ದಿದ. ಗೌಡನ ಗುರುತು ಮೇಲೆ ಬಂತು. ತಾನು ಬೇಡವೆಂದ ದಾರಿಯಲ್ಲೇ ಗೌಡ ಗೆದ್ದ.

ದಂಟಿನ ಮೇಲೆ ಗೌಡನ ಗುರುತು ಎರಡು ಇದ್ದವು. ಅವನದೇ ನೀರಿನದು ಒಂದು, ಕೊನೆಗದ್ದೆಯವರು ಕೊಟ್ಟ ನೀರು ಸೇರಿದ ಮೇಲಿನದು ಒಂದು. ಎರಡರ ನಡುವಿನ ಅಂತರವನ್ನು ಊರೆಲ್ಲ ಕಣ್ಣಾರೆ ನೋಡಿತ್ತು. ಆ ವರ್ಷ ಗೌಡ ಮೊದಲ ಸಲ ಏರಿ ಇಳಿದು ಕೊನೆಗದ್ದೆಯ ತನಕ ನಡೆದು ಬಂದ. ಎರಡನೆಯ ಬೆಳೆಗೆ ನೀರಿನ ಸರದಿ ಕೊನೆಯಿಂದ ಶುರುವಾಯಿತು. ಅವನು ಒಳ್ಳೆಯವನಾದ ಎಂದು ಯಾರೂ ಹೇಳಲಿಲ್ಲ. ಆ ಅಂತರ ಅವನ ಕಣ್ಣಮುಂದಿನಿಂದ ಹೋಗಿರಲಿಲ್ಲ, ಅಷ್ಟೇ.

ಗುರುಗಳು ಕತೆ ನಿಲ್ಲಿಸಿ, ಮಡಿಲಿನಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿದರು.

ಅದರ ಮುಂದಿನ ಸಲ ಅವಳು ಗೆದ್ದಳೇ ಎಂದು ಚನ್ನವೀರ ಕೇಳಿದ. ತನಗೆ ಗೊತ್ತಿಲ್ಲ, ಮಡಕೆ ಇಟ್ಟಳು ಎಂದು ಮಾತ್ರ ಗೊತ್ತು ಎಂದರು ಗುರುಗಳು.

ಕತೆ ಚನ್ನವೀರನಿಗೆ ಹಿಡಿಸಿತ್ತು. ಆದರೆ ಅವನು ಬಂದ ಕೆಲಸ ಆಗಿರಲಿಲ್ಲ. ಕತೆಯ ಊರಿನಲ್ಲಿ ನೀರನ್ನು ಮತ್ತೆ ಎತ್ತಿ ಹಾಕಬಹುದು, ನಮ್ಮ ಊರಿನಲ್ಲಿ ಮತಯಂತ್ರದ ಗುಂಡಿ ಒಂದು ಸಲ ಒತ್ತಿದರೆ ಮುಗಿಯಿತು, ಅದನ್ನು ಬದಲಿಸುವುದು ಅಕ್ಕನ ಕೈಯಲ್ಲೂ ಇಲ್ಲ, ಪಂಚಾಕ್ಷರಪ್ಪನವರ ಕೈಯಲ್ಲೂ ಇಲ್ಲ ಎಂದ. ಅಮೆರಿಕದಲ್ಲೂ ಬಹಳ ಕಡೆ ಹಾಗೆಯೇ ಎಂದ. ನಾಳೆ ಸಂಜೆಯೊಳಗೆ ಅಕ್ಕ ಹಿಂದೆ ಸರಿಯದಿದ್ದರೆ ಕಂಟ್ರಾಕ್ಟರ್ ಗೆಲ್ಲುವುದು ಖಂಡಿತ, ಆಮೇಲೆ ಆ ಹಿಂದಿನ ಬೀದಿಗೆ ಚರಂಡಿ ಇರಲಿ, ಮಣ್ಣೂ ಬೀಳುವುದಿಲ್ಲ, ಒಣಗುವುದು ಅವಳ ಗದ್ದೆಯೇ ಎಂದ. ಅವಳ ಒಳ್ಳೆಯದಕ್ಕೇ ತಾನು ಹೇಳುತ್ತಿರುವುದು, ಮೆಂಬರ್ ಆಗುವ ಆಸೆ ತನಗೇನೂ ಇಲ್ಲ ಎಂದ. ಕೊನೆಗೆ ಕೈಮುಗಿದ.

"ಒಂದು ಮಾತು ಹೇಳಿ ಬುದ್ಧಿ. ನೀವು ಹೇಳಿದರೆ ಅಕ್ಕ ಕೇಳುತ್ತಾಳೆ."

ಗುರುಗಳು ಸುಲಿದ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಇಟ್ಟು, ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದರು.

"ನಾಮಪತ್ರ ವಾಪಸ್ಸು ತೆಗೆದುಕೋ ಎಂದು ಅಕ್ಕನ ಮನೆಗೆ ಹೋಗಿ ಹೋಗಿ ಬಂದೆಯಲ್ಲ ಚನ್ನವೀರ, ಆ ಚರಂಡಿ ಮಾಡಿಸಿಕೊಡುತ್ತೇನೆ ಎಂದು ಊರ ಮುಂದೆ ಹೇಳಿ ಎಂದು ಕೇಳಲು ಪಂಚಾಕ್ಷರಪ್ಪನ ಮನೆಗೆ ಒಂದು ಸಲವಾದರೂ ಹೋದೆಯಾ?"